ದಪ್ಪ ಕಡೆ ಕೆಳಗೆ

ನಮ್ಮ ಮಾವನನ್ನು ಮಾರುಕಟ್ಟೆಯಲ್ಲಿ ಈಗಲೂ ‘ಕಂಬದ ಮಾವ’ ಎನ್ನುತ್ತಾರೆ. ನಲವತ್ತು ವರ್ಷ ಬಾಗಿಲು, ಕಿಟಕಿ ಮಾಡಿದ ಬಡಗಿ ಅವರು. ಆದರೆ ಈ ಹೆಸರು ಅಂಟಿಕೊಂಡದ್ದು ಹನ್ನೊಂದು ವಾರ ಮಾಡಿದ ಇನ್ನೊಂದು ಕೆಲಸದಿಂದ. ಒಂದು ವ್ಯಾನಿನ ಹಿಂಬಾಗಿಲನ್ನು ಎತ್ತಿ ಹಿಡಿದು ನಿಲ್ಲುವುದು, ಅಷ್ಟೇ ಆ ಕೆಲಸ.

ವ್ಯಾನು ಅತ್ತೆಯದು. ಅದರ ಹಿಂಬಾಗಿಲು ಮೇಲಕ್ಕೆ ತೆರೆದುಕೊಳ್ಳುವಂಥದ್ದು. ತೆರೆದು ನಿಂತರೆ ಅದೇ ಅತ್ತೆಯ ಅಂಗಡಿಯ ಮಾಡು. ಅದರ ಕೆಳಗೆ ವ್ಯಾನಿನ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಸಾಣೆಕಲ್ಲು, ಕಲ್ಲಿಗೊಂದು ಮೋಟರು, ಪಕ್ಕದಲ್ಲಿ ನೀರಿನ ಡಬ್ಬ, ಒರೆಸುವ ಬಟ್ಟೆ, ಒಂದು ಕಟ್ಟು ಹಳೆಯ ಪತ್ರಿಕೆ. ಚಾಕುವಿಗೆ ಸಾಣೆ ಹಿಡಿದ ಮೇಲೆ ಅತ್ತೆ ಪತ್ರಿಕೆಯ ಹಾಳೆಯೊಂದನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಚಾಕುವನ್ನು ಅದರ ಮೇಲೆ ಸುಮ್ಮನೆ ಇಳಿಬಿಡುತ್ತಾರೆ. ಹಾಳೆ ಸದ್ದಿಲ್ಲದೆ ಎರಡಾದರೆ ಕೆಲಸ ಮುಗಿಯಿತು. ಸದ್ದು ಬಂದರೆ ಮತ್ತೆ ಕಲ್ಲಿಗೆ.

ಈ ಕೆಲಸ ಅತ್ತೆಗೆ ಬಂದದ್ದು ಅವರ ಅಪ್ಪನಿಂದ. ತಾತ ಸೈಕಲ್ಲಿನ ಹಿಂದೆ ಕಲ್ಲು ಕಟ್ಟಿಕೊಂಡು, ಪೆಡಲು ತುಳಿದು ಸಾಣೆ ಹಿಡಿಯುತ್ತಿದ್ದರು. ಗಂಡುಮಕ್ಕಳಿಬ್ಬರೂ, ನಮ್ಮ ಅಪ್ಪನೂ ಸೇರಿ, ಆ ಕಿರ್ರೆನ್ನುವ ಸದ್ದಿಗೆ ಹಲ್ಲು ಜುಮ್ಮೆನ್ನುತ್ತದೆ ಎಂದು ದೂರ ಓಡಿದರು. ಅತ್ತೆಗೆ ಹಲ್ಲು ಜುಮ್ಮೆನ್ನಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವರು ಒಬ್ಬರೇ ವ್ಯಾನು ಓಡಿಸಿಕೊಂಡು ಹೋಗಿ ಬರುತ್ತಾರೆ. ಸೋಮವಾರ ಮಾರುಕಟ್ಟೆಯ ಮಾಂಸದಂಗಡಿಗಳು, ಮಂಗಳವಾರ ದರ್ಜಿಗಳ ಬೀದಿ, ಬುಧವಾರ ಕ್ಷೌರದಂಗಡಿಗಳು, ಗುರುವಾರ ಹೋಟೆಲಿನ ಅಡುಗೆಮನೆಗಳು, ಶುಕ್ರವಾರ ಕರೆದ ಕಡೆ. ಹನ್ನೊಂದು ಗಂಟೆಗೆ ಕಾಲುವೆಯ ಪಕ್ಕ ವ್ಯಾನು ನಿಲ್ಲಿಸಿ ಒಂದು ಕಿತ್ತಳೆ ಸುಲಿದು ತಿನ್ನುತ್ತಾರೆ. ಕಲ್ಲು ತಿರುಗುವಾಗ ಹಾಡುತ್ತಾರೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದಿಂದ ಜೋರಾಗಿಯೇ ಹಾಡುತ್ತಾರೆ. ಎಲ್ಲರಿಗೂ ಕೇಳಿಸುತ್ತದೆ. ಇದುವರೆಗೆ ಯಾರೂ ಅದನ್ನು ಅವರಿಗೆ ಹೇಳಿಲ್ಲ.

ಮಾವ ಮಂಡಿನೋವಿನಿಂದಾಗಿ ತಮ್ಮ ಮರಗೆಲಸದ ಅಂಗಡಿ ಮುಚ್ಚಿ ಮನೆಯಲ್ಲಿ ಕೂತು ಆಗ ಎರಡು ವರ್ಷವಾಗಿತ್ತು. ನಾನು ಕಾಲೇಜಿಗಾಗಿ ಅವರ ಮನೆಯ ಮೇಲಿನ ಕೋಣೆಗೆ ಬಂದಾಗ ಉಳಿ, ಗರಗಸಗಳೆಲ್ಲ ಎರಡು ಪೆಟ್ಟಿಗೆ ಸೇರಿ ಮಂಚದ ಕೆಳಗೆ ಹೋಗಿದ್ದವು. ಮಾವ ಮೊದಲ ತಿಂಗಳಲ್ಲೇ ಮನೆಯ ಎಲ್ಲ ಮೇಜುಗಳ ಕಾಲು ಸಮ ಮಾಡಿದ್ದರು. ಎರಡನೆಯ ತಿಂಗಳಲ್ಲಿ ಎಲ್ಲ ಕೀಲುಗಳಿಗೆ ಎಣ್ಣೆ ಬಿಟ್ಟಿದ್ದರು. ಮೂರನೆಯ ತಿಂಗಳಿಗೆ ಕೆಲಸ ಮುಗಿದುಹೋಗಿತ್ತು.

“ಈ ಮನೇಲಿ ಒಂದು ಬಾಗಿಲೂ ಕಿರ್ ಅನ್ನಲ್ಲ,” ಎನ್ನುತ್ತಿದ್ದರು ಅತ್ತೆ. “ಕಳ್ಳ ಬಂದ್ರೆ ನಮಗಿಂತ ಅವನಿಗೇ ಗಾಬರಿ ಆಗತ್ತೆ.”

ಮಾವ ನಗುತ್ತಿದ್ದರು. ನಕ್ಕು, ಆಗಲೇ ಓದಿದ್ದ ಪತ್ರಿಕೆಯನ್ನು ಇನ್ನೊಮ್ಮೆ ತೆರೆಯುತ್ತಿದ್ದರು.

ಹೀಗಿರುವಾಗ ವ್ಯಾನಿನ ಹಿಂಬಾಗಿಲು ಒಂದು ದಿನ ತೆರೆದಂತೆ ನಿಲ್ಲದೆ ಮೆಲ್ಲಗೆ ಕೆಳಗಿಳಿಯತೊಡಗಿತು. ಆ ಬಾಗಿಲನ್ನು ಎತ್ತಿ ನಿಲ್ಲಿಸುವುದು ಎರಡು ಬದಿಯಲ್ಲಿರುವ ಡಿಕ್ಕಿ ಶಾಕುಗಳು. ಮೊಳದುದ್ದದ ಕಪ್ಪು ಕೊಳವೆ, ಅದರೊಳಗಿಂದ ಜಾರಿ ಹೊರಬರುವ ಹೊಳೆಯುವ ಕಡ್ಡಿ; ಒಳಗೆ ಒತ್ತಿ ತುಂಬಿದ ಗಾಳಿ. ವರ್ಷಗಟ್ಟಲೆ ದುಡಿದು ಅವುಗಳ ಗಾಳಿ ಹೋಗಿತ್ತು. ಮಾವನಿಗೆ ಹಬ್ಬವಾಯಿತು. ಬಿಡಿಭಾಗಗಳ ಅಂಗಡಿಯಿಂದ ಹೊಸ ಜೋಡಿ ತಂದರು, ಹಳೆಯದನ್ನು ಬಿಚ್ಚಿದರು, ಬಿಚ್ಚಿದವರು ತಲೆಯಾಡಿಸಿದರು.

“ನೋಡಿಲ್ಲಿ, ಯಾವನೋ ಅವಿವೇಕಿ ತಲೆಕೆಳಗು ಹಾಕಿದ್ದಾನೆ. ದಪ್ಪ ಕೊಳವೆ ಮೇಲೆ, ಸಣ್ಣ ಕಡ್ಡಿ ಕೆಳಗೆ! ಭಾರ ಹೊರೋದು ಯಾವತ್ತಾದ್ರೂ ಸಣ್ಣ ಕಾಲ ಮೇಲೆ ನಿಲ್ಲತ್ತಾ?”

ನಲವತ್ತು ವರ್ಷ ಅವರು ನಿಲ್ಲಿಸಿದ್ದೆಲ್ಲ ದಪ್ಪ ಕಡೆ ಕೆಳಗಾಗಿಯೇ ನಿಂತಿತ್ತು. ಏಣಿ, ಕಂಬ, ಬಾಗಿಲ ಚೌಕಟ್ಟು, ಎಲ್ಲ. ಹೊಸ ಶಾಕುಗಳನ್ನೂ ಹಾಗೆಯೇ ಹಾಕಿದರು. ಬಾಗಿಲು ಚಂಗನೆ ಎದ್ದು ನಿಂತಿತು. ಆ ಅವಿವೇಕಿಯ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿದರು.

ಏಳು ತಿಂಗಳಿಗೆ ಬಾಗಿಲು ಮತ್ತೆ ಇಳಿಯಿತು.

“ಈಗಿನ ಕಾಲದ ಸಾಮಾನೇ ಇಷ್ಟು,” ಎಂದರು ಮಾವ. “ಮರ ಆಗಿದ್ರೆ ನಿಲ್ತಿತ್ತು.” ಮರದ ಕೋಲೊಂದನ್ನು ಮಾಡಿಕೊಟ್ಟರು. ಚಂದದ ಕೋಲು, ತುದಿಯಲ್ಲಿ ಬಾಗಿಲಿನ ಅಂಚು ಕೂರುವ ಹಾಗೆ ಕಚ್ಚು, ಬುಡದಲ್ಲಿ ಜಾರದಂತೆ ರಬ್ಬರು. ಬುಡ ದಪ್ಪ ಇತ್ತೆಂದು ಬೇರೆ ಹೇಳಬೇಕಾಗಿಲ್ಲ. ಎರಡು ವಾರ ಅದು ಬಾಗಿಲನ್ನು ಹೊತ್ತಿತು. ಮೂರನೆಯ ವಾರ ದರ್ಜಿಯೊಬ್ಬ ಸಾಣೆಯಾದ ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡುತ್ತ ಹಿಂದಕ್ಕೆ ಹೆಜ್ಜೆಯಿಟ್ಟ. ಅವನ ಹಿಮ್ಮಡಿ ಕೋಲಿಗೆ ತಗುಲಿತು. ಬಾಗಿಲು ಅವನ ಹೆಗಲನ್ನು ಸವರಿಕೊಂಡು ಬಿದ್ದು, ಕೋಲನ್ನು ಉದ್ದಕ್ಕೆ ಸೀಳಿಬಿಟ್ಟಿತು.

“ಅಮ್ಮಾ, ಅಳತೆ ತಗೊಳ್ಳೋದು ನನ್ನ ಕೆಲಸ,” ಎಂದ ದರ್ಜಿ ಹೆಗಲು ಉಜ್ಜಿಕೊಳ್ಳುತ್ತ. “ನಿಮ್ಮ ಬಾಗಿಲು ನನ್ನ ಅಳತೆ ತಗೊಳ್ತಲ್ಲ!”

ಮರುದಿನ ಬೆಳಗ್ಗೆ ಮಾವ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಡಿಸುವ ಸ್ಟೂಲೊಂದನ್ನು ಹಿಡಿದು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದರು.

“ಎಲ್ಲಿಗೆ?” ಎಂದರು ಅತ್ತೆ.

“ಬಾಗಿಲು ಹಿಡ್ಕೊಳ್ಳೋಕೆ.”

ಹೀಗೆ ಶುರುವಾಯಿತು. ಅತ್ತೆ ಕಲ್ಲಿನ ಮುಂದೆ, ಮಾವ ಅವರ ಪಕ್ಕದಲ್ಲಿ ಎರಡೂ ಕೈ ಮೇಲೆತ್ತಿ. ಒಂದು ಊರಿಂದ ಇನ್ನೊಂದು ಊರಿಗೆ ಹೋಗುವವರ ಥರ ದಿನಾ ಬುತ್ತಿ ಕಟ್ಟಿಸಿಕೊಂಡು ಹೊರಡುತ್ತಿದ್ದರು. ಗಡ್ಡ ದಿನಾ ಹೆರೆಯತೊಡಗಿದರು. ಸಂಜೆ ಊಟಕ್ಕೆ ಕೂತರೆ ಮಾರುಕಟ್ಟೆಯ ಸುದ್ದಿಯೆಲ್ಲ ಒಂದೂ ಬಿಡದೆ ಹೇಳುತ್ತಿದ್ದರು. ರಜೆಯ ದಿನಗಳಲ್ಲಿ ಎರಡು ಮೂರು ಸಲ ನಾನೂ ಜೊತೆಗೆ ಹೋಗಿದ್ದೆ. ವ್ಯಾನು ನಿಂತ ಕಡೆಯೆಲ್ಲ ಜನ ಮೊದಲು ಮಾತಾಡಿಸುತ್ತಿದ್ದದ್ದು ಅವರನ್ನೇ.

“ಅಮ್ಮಾ, ಕಂಬಕ್ಕೆ ಒಂದು ಟೀ ತರ್ಲಾ?” ಎಂದು ಕೇಳುತ್ತಿದ್ದ ಮಾಂಸದಂಗಡಿಯವನು.

“ತಾರಪ್ಪ. ಆದ್ರೆ ನೀನೇ ಕುಡಿಸ್ಬೇಕು. ಕಂಬಕ್ಕೆ ಕೈ ಖಾಲಿ ಇಲ್ಲ.”

“ರೀ, ಬಾಗಿಲು ಸ್ವಲ್ಪ ಇಳೀತಿದೆ,” ಎನ್ನುವರು ಅತ್ತೆ ಕಲ್ಲಿನಿಂದ ಕಣ್ಣು ತೆಗೆಯದೆ.

“ಇಳೀತಿಲ್ಲ. ನೀನು ಬೆಳೀತಿದ್ದೀಯ.”

ಕೈ ಮೇಲಿರುವಾಗ ಮಾವನಿಗೆ ಬಿಡುವಿದ್ದದ್ದು ಕಣ್ಣಿಗೆ ಮತ್ತು ಬಾಯಿಗೆ. ಅಲಗು ನೋಡುವುದು ಅತ್ತೆಯ ಕೆಲಸ. ಮಾವನ ಕಣ್ಣು ಹೋಗುತ್ತಿದ್ದದ್ದು ಮರದ ಹಿಡಿಯ ಮೇಲೆ. “ಚಾಕು ಚೂಪಾಯ್ತು ಸರಿ, ಹಿಡಿ ಸತ್ತುಹೋಗಿದೆ ನೋಡಪ್ಪ. ರಿವಿಟ್ಟು ಅಲ್ಲಾಡ್ತಿದೆ. ನೀರಲ್ಲಿ ನೆನೆಸಿಡ್ತೀಯಾ? ಮರಕ್ಕೆ ಅದಾಗಲ್ಲ. ಒಂದಿನ ಒದ್ದೆ ಕೈಯಲ್ಲಿ ತಿರುಗಿಬಿಡತ್ತೆ.”

“ಹಾಗಾದ್ರೆ ನೀವೇ ಹೊಸ ಹಿಡಿ ಹಾಕ್ಕೊಡಿ ಮಾವ.”

“ಯಾವ ಕೈಯಲ್ಲಿ ಹಾಕ್ಲಿ ಹೇಳು.”

ಸೀಳಿದ ಕೋಲಿನ ಬದಲು ಇನ್ನೊಂದು ಮಾಡುವುದು ಅವರಿಗೆ ಅರ್ಧ ಗಂಟೆಯ ಕೆಲಸ. ಮರ ಹಿತ್ತಲಲ್ಲೇ ಇತ್ತು. ಮಾಡಲಿಲ್ಲ. ಹೊಸ ಶಾಕು ತರುವ ಮಾತು ಬಂದರೆ “ಮುಂದಿನ ವಾರ ನೋಡೋಣ” ಎನ್ನುತ್ತಿದ್ದರು. ಅತ್ತೆಯೂ ಒತ್ತಾಯ ಮಾಡಲಿಲ್ಲ. ಅವರು ಹಾಡುವುದು ನಿಂತಿತ್ತು. ಕಿತ್ತಳೆ ಎರಡು ಪಾಲಾಗುತ್ತಿತ್ತು. “ಕಲ್ಲು ಸುಮ್ಮನಾದ್ರೂ ಇವರು ಸುಮ್ಮನಾಗಲ್ಲ,” ಎಂದು ಒಂದು ಸಂಜೆ ನನ್ನ ಹತ್ತಿರ ಹೇಳಿದರು. ಹಿಂದೆಯೇ, “ಊಟ ಚೆನ್ನಾಗಿ ಮಾಡ್ತಿದಾರೆ ಆದ್ರೆ,” ಎಂದರು.

ಹನ್ನೊಂದನೆಯ ವಾರ, ಗುರುವಾರ, ಹೋಟೆಲೊಂದರ ಹಿಂದಿನ ಅಂಗಳದಲ್ಲಿ ಮಾವನ ಎಡ ಮಂಡಿ ಕೈಕೊಟ್ಟಿತು. ಬಾಗಿಲು ಒಂದು ಗೇಣು ಕೆಳಗೆ ಬಂತು. ಅತ್ತೆ ಬೆಚ್ಚಿದರು, ಅವರ ಕೈಯಲ್ಲಿದ್ದ ದೊಡ್ಡ ಚಾಕುವನ್ನು ಕಲ್ಲು ಕಸಿದುಕೊಂಡು ಎಸೆಯಿತು. ಅದು ಹೋಗಿ ಸ್ಟೆಪ್ನಿ ಟೈರಿಗೆ ನಾಟಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ಟೈರಿನಿಂದ ಗಾಳಿ ಹೋಗುವ ಸದ್ದನ್ನು ಇಬ್ಬರೂ ಕೊನೆಯವರೆಗೆ ನಿಂತು ಕೇಳಿದರಂತೆ.

ಅತ್ತೆ ವ್ಯಾನನ್ನು ನೇರ ಮನೆಗೆ ತಂದರು. ಮನೆಯಲ್ಲಿ ಮಾವನ ಪ್ಯಾಂಟು ಮೇಲಕ್ಕೆ ಮಡಿಸಿ ಮಂಡಿ ನೋಡಿದರು. ಅದು ಕುಂಬಳಕಾಯಿಯಂತೆ ಊದಿತ್ತು. ಎಷ್ಟು ದಿನದಿಂದ ಹಾಗಿತ್ತೋ, ಅವರು ತೋರಿಸಿರಲಿಲ್ಲ.

“ಭಾನುವಾರದೊಳಗೆ ಆ ಬಾಗಿಲು ತಾನಾಗಿ ನಿಲ್ಬೇಕು,” ಎಂದರು ಅತ್ತೆ. “ಇಲ್ಲಾಂದ್ರೆ ಮೆಕ್ಯಾನಿಕ್ ಹತ್ರ ಬಿಡ್ತೀನಿ.”

“ಮೆಕ್ಯಾನಿಕ್ ಯಾಕೆ? ನಾನಿಲ್ವಾ?”

“ನೀವಿದೀರ ಅಂತಾನೇ ಹನ್ನೊಂದು ವಾರ ಸುಮ್ನಿದ್ದೆ.”

ಮಾವ ಪ್ಯಾಂಟು ಕೆಳಗಿಳಿಸಿಕೊಂಡರು. ಬಾಗಿಲು ತಾನಾಗಿ ನಿಂತರೆ ಅದರ ಕೆಳಗೆ ತಮಗೆ ಜಾಗವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅದು ಅತ್ತೆಗೂ ಗೊತ್ತಿತ್ತು. ಮಂಡಿಗೆ ಬಿಸಿನೀರಿನ ಚೀಲ ಇಡುತ್ತ ಇಬ್ಬರೂ ಟೈರಿನ ವಿಷಯ ಮಾತಾಡಿದರು.

ಶನಿವಾರ ನಾನು ಮಾವನ ಜೊತೆ ಬಿಡಿಭಾಗಗಳ ಅಂಗಡಿಗೆ ಹೋದೆ. ಅಂಗಡಿಯವಳು ಕನ್ನಡಕವನ್ನು ತಲೆಯ ಮೇಲೇರಿಸಿ, ಮಾವ ಬಿಚ್ಚಿ ತಂದಿದ್ದ ಶಾಕನ್ನು ತಿರುಗಿಸಿ ನೋಡಿದಳು. ಕಡ್ಡಿ ಕೊಳವೆಯೊಳಗೆ ಹೋಗುವ ಜಾಗದಲ್ಲಿ ಸಾಣೆಯ ಬೂದುಬಣ್ಣದ ಪುಡಿ ಕೆಸರಿನಂತೆ ಮೆತ್ತಿಕೊಂಡಿತ್ತು.

“ಏಳೇ ತಿಂಗಳಾ? ಹೇಗೆ ಹಾಕಿದ್ರಿ ಯಜಮಾನ್ರೇ? ದಪ್ಪ ಕಡೆ ಕೆಳಗಾ?”

“ಮತ್ತೆ? ದಪ್ಪ ಕಡೆ ಮೇಲೆ ಯಾರಾದ್ರೂ ಇಡ್ತಾರಾ?”

“ಎಲ್ರೂ ಇಡ್ತಾರೆ.” ಅವಳು ನಗಲಿಲ್ಲ, ಅದೇ ದೊಡ್ಡ ಉಪಕಾರ. “ಒಳಗೆ ಗಾಳಿ ಜೊತೆ ಎರಡು ಚಮಚ ಎಣ್ಣೆ ಇರತ್ತೆ. ಕಡ್ಡಿ ಕೆಳಗಿದ್ರೆ ಎಣ್ಣೆ ಇಳಿದು ಬಾಯಿ ಹತ್ರ ನಿಲ್ಲತ್ತೆ, ಅಲ್ಲಿರೋ ರಬ್ಬರು ನೆನೀತಾ ಇರತ್ತೆ. ನೀವು ಬಾಯಿ ಮೇಲೆ ಮಾಡಿದ್ರಿ. ಎಣ್ಣೆ ಎಲ್ಲಾ ತಳಕ್ಕೆ ಹೋಯ್ತು, ರಬ್ಬರು ಒಣಗಿ ಬಿರುಕು ಬಿಡ್ತು. ಸಾಲದು ಅಂತ ಪುಡಿ ಎಲ್ಲಾ ಅದರ ಬಾಯಿಗೇ ಬಿದ್ದಿದೆ.”

ಮಾವ ಶಾಕನ್ನು ಕೈಗೆ ತೆಗೆದುಕೊಂಡು, ಒಮ್ಮೆ ಹೀಗೆ, ಒಮ್ಮೆ ಹಾಗೆ ಹಿಡಿದು ನೋಡಿದರು.

“ಹಾಗಾದ್ರೆ ಮೊದಲನೇದನ್ನ ಹಾಕಿದ್ದ ಆ ಅವಿವೇಕಿ...”

“ಯಾವ ಅವಿವೇಕಿ?”

“ವ್ಯಾನು ಮಾಡಿದೋರು,” ಎಂದರು ಮಾವ. ದಾರಿಯಲ್ಲಿ ಬರುವಾಗ ಹೊಸ ಜೋಡಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಬಸ್ಸಿಳಿಯುವ ಮೊದಲು, “ನಿಮ್ಮತ್ತೆಗೆ ನಾನೇ ಹೇಳ್ತೀನಿ,” ಎಂದರು. ಹೇಳಿಯೂ ಹೇಳಿದರು, ಚಪ್ಪಲಿ ಬಿಡುವ ಮೊದಲೇ.

ಭಾನುವಾರ ಬೆಳಗ್ಗೆ ಅಂಗಳದ ಸಿಮೆಂಟು ನೆಲದ ಮೇಲೆ ವ್ಯಾನು ನಿಂತಿತು. ಶಾಕು ಹಾಕುವಷ್ಟು ಹೊತ್ತು ಬಾಗಿಲನ್ನು ಯಾರಾದರೂ ಹಿಡಿಯಬೇಕಿತ್ತು. ನಾನು ಮುಂದೆ ಬಂದರೆ ಅತ್ತೆ ಬೇಡವೆಂದರು. ಸೆರಗು ಸಿಕ್ಕಿಸಿಕೊಂಡು, ಮಾವ ನಿಲ್ಲುತ್ತಿದ್ದ ಜಾಗದಲ್ಲೇ ಎರಡೂ ಕೈ ಮೇಲೆತ್ತಿ ನಿಂತರು. ಗಿಡ್ಡ ಹೆಂಗಸು, ಕಾಲ ಕೆಳಗೆ ಇಟ್ಟಿಗೆ ಬೇಕಾಯಿತು.

ಶಾಕಿನ ಎರಡೂ ತುದಿಗಳು ಗುಂಡುತಲೆಯ ಎರಡು ಮೊಳೆಗಳ ಮೇಲೆ ಟೋಪಿಯಂತೆ ಕೂರುತ್ತವೆ. ಕೂತಲ್ಲಿಂದ ಏಳದಂತೆ ತಂತಿಯ ಕ್ಲಿಪ್ಪು ಇರುತ್ತದೆ. ಮಾವ ಚಪ್ಪಟೆ ಸ್ಕ್ರೂಡ್ರೈವರಿನಿಂದ ಕ್ಲಿಪ್ಪನ್ನು ಮೀಟಿ, ಎಡಗಡೆ ಉಳಿದಿದ್ದ ಹಳೆಯದನ್ನು ತೆಗೆದರು. ಮೊಳೆಗಳನ್ನು ಬಟ್ಟೆಯಿಂದ ಒರೆಸಿದರು. ಅವಸರವೇ ಇರಲಿಲ್ಲ ಅವರಿಗೆ. ಒರೆಸಿದ್ದನ್ನು ಮತ್ತೆ ಒರೆಸಿದರು.

“ಕಿವಿ ಓಲೆ ಅಲ್ಲ ಅದು, ಪಾಲಿಶ್ ಸಾಕು,” ಎಂದರು ಅತ್ತೆ.

ಮಾವ ಹೊಸ ಶಾಕು ಎತ್ತಿಕೊಂಡು ಮೊಳೆಯ ಹತ್ತಿರ ತಂದರು. ಅವರ ಕೈ ತನ್ನಷ್ಟಕ್ಕೆ ಅದನ್ನು ತಿರುಗಿಸಿತು.

“ರೀ. ದಪ್ಪ ಕಡೆ ಮೇಲೆ.”

“ಗೊತ್ತು.”

“ಗೊತ್ತಿದ್ರೆ ಯಾಕೆ ತಿರುಗಿಸ್ತಿದೀರ?”

“ನನಗೆ ಗೊತ್ತು. ಕೈಗೆ ಇನ್ನೂ ಯಾರೂ ಹೇಳಿಲ್ಲ.”

ಅತ್ತೆಗೆ ನಗು ಬಂತು. ನಕ್ಕದ್ದಕ್ಕೆ ಬಾಗಿಲು ನಡುಗಿತು. ಎಡಗಡೆಯದು ಟಕ್ಕೆಂದು ಕೂತಿತು. ಒಂದೇ ಬದಿಯ ಆಸರೆಗೆ ಬಾಗಿಲು ಸೊಟ್ಟಗೆ ಎಳೆಯುತ್ತಿತ್ತು. ಬಲಗಡೆಯನ್ನು ಅತ್ತೆ ಇನ್ನಷ್ಟು ಬಲವಾಗಿ ಎತ್ತಬೇಕಾಯಿತು. ಬಳೆಗಳು ಸಣ್ಣಗೆ ಸದ್ದು ಮಾಡಿದವು.

“ಹನ್ನೊಂದು ವಾರ ಹೇಗ್ರೀ ಹಿಡ್ಕೊಂಡು ನಿಂತ್ರಿ ಇದನ್ನ?”

“ಮೊದಲನೇ ವಾರ ಕಷ್ಟ.” ಮಾವ ಕ್ಲಿಪ್ಪನ್ನು ಹಲ್ಲಿನಲ್ಲಿ ಹಿಡಿದಿದ್ದರು, ತೆಗೆದು ಹೇಳಿದರು: “ಸುಮ್ನೆ ಹಿಡ್ಕೊಂಡ್ರೆ ಭಾರ. ನೀನು ಮುಂದೆ ಕೆಲಸ ಮಾಡ್ತಿರ್ತಿದ್ಯಲ್ಲ, ಅದನ್ನ ನೋಡ್ತಾ ನಿಂತ್ರೆ ಅಷ್ಟು ಗೊತ್ತಾಗಲ್ಲ.”

ಅತ್ತೆ ಬಾಗಿಲನ್ನು ಇನ್ನೊಂದಿಷ್ಟು ಮೇಲಕ್ಕೆತ್ತಿದರು. ಬಲಗಡೆಯದೂ ಕೂತಿತು. ಬಾಗಿಲು ಅವರ ಅಂಗೈಗಳನ್ನು ಬಿಟ್ಟು ಮೆಲ್ಲಗೆ ಮೇಲಕ್ಕೆ ಹೋಯಿತು, ನಿಂತಿತು. ಅತ್ತೆಯ ಕೈಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದವು.

ಮಾವ ಮಡಿಸುವ ಅಳತೆಪಟ್ಟಿ ತಂದು ನೆಲದಿಂದ ಬಾಗಿಲಿನ ಅಂಚಿನವರೆಗೆ ಅಳೆದರು. ಆರಡಿ ಮೂರಿಂಚು. ಕಿವಿಯ ಮೇಲಿಂದ ಪೆನ್ಸಿಲು ತೆಗೆದು ವ್ಯಾನಿನ ಒಳಗೋಡೆಯ ಮೇಲೆ ಆ ಅಂಕೆ ಬರೆದರು. ಆಮೇಲೆ ಮುಂದಿನ ಸೀಟಿನ ಹಿಂದಿದ್ದ ತಮ್ಮ ಸ್ಟೂಲನ್ನು ತೆಗೆದುಕೊಂಡು ಹೋಗಿ, ಹಿತ್ತಲ ಗೋಡೆಯ ಮೊಳೆಗೆ ನೇತುಹಾಕಿದರು.

ಸೋಮವಾರ ಅತ್ತೆ ಒಬ್ಬರೇ ಹೊರಟರು. “ಬರ್ತೀನಿ,” ಎಂದರು. “ಹ್ಞೂಂ,” ಎಂದರು ಮಾವ. ಗೇಟು ಮುಚ್ಚಿ, ಅದರ ಕೀಲಿಗೆ ಎಣ್ಣೆ ಬಿಟ್ಟರು. ಅದಕ್ಕೆ ಎಣ್ಣೆ ಬೇಕಿರಲಿಲ್ಲ. ನನಗೆ ಹನ್ನೆರಡಕ್ಕೆ ಮೊದಲು ತರಗತಿಯಿರಲಿಲ್ಲ; ಮೇಲಿನ ಕಿಟಕಿಯಿಂದ ಅವರು ಅಂಗಳದಲ್ಲಿ ಕೂರುವುದೂ ಏಳುವುದೂ ಕಾಣುತ್ತಿತ್ತು. ಗಡ್ಡ ಹೆರೆದಿರಲಿಲ್ಲ.

ಹನ್ನೊಂದೂವರೆಗೆ ವ್ಯಾನು ವಾಪಸು ಬಂತು. ಸೋಮವಾರ ಅತ್ತೆ ಮೂರು ಗಂಟೆಗೆ ಮೊದಲು ಬಂದವರೇ ಅಲ್ಲ. ಮಾವ ಕುಂಟುತ್ತಲೇ ಗೇಟಿಗೆ ಓಡಿದರು.

“ಏನಾಯ್ತು? ಇಳಿದುಬಿಡ್ತಾ?”

“ಎಲ್ಲಿ ಇಳಿಯತ್ತೆ? ಗರುಡಗಂಬದ ಥರ ನಿಂತಿದೆ.” ಅತ್ತೆ ಹಿಂಬಾಗಿಲು ತೆರೆದು, ಗೋಣಿಬಟ್ಟೆಯ ಗಂಟೊಂದನ್ನು ಎತ್ತಿ ತಂದು ಅಂಗಳದ ಕಟ್ಟೆಯ ಮೇಲೆ ಬಿಚ್ಚಿದರು. ಚಾಕುಗಳು. ಹದಿನಾಲ್ಕು. ಅಲಗುಗಳೆಲ್ಲ ಆಗಲೇ ಮಿಂಚುತ್ತಿದ್ದವು. ಹಿಡಿಗಳು ಒಂದಕ್ಕಿಂತ ಒಂದು ಅಧ್ವಾನವಾಗಿದ್ದವು. ಒಂದಕ್ಕೆ ಬಟ್ಟೆ ಸುತ್ತಿತ್ತು, ಒಂದಕ್ಕೆ ಸೈಕಲ್ ಟ್ಯೂಬು.

“ಊರೆಲ್ಲಾ ಸುತ್ತಿ ಹಿಡಿ ಸತ್ತಿದೆ, ಹಿಡಿ ಸತ್ತಿದೆ ಅಂತ ಹೇಳ್ಕೊಂಡು ಬಂದ್ರಲ್ಲ,” ಎಂದರು ಅತ್ತೆ, “ಈಗ ನೋಡ್ಕೊಳ್ಳಿ. ಎಲ್ಲರೂ ಕೇಳಿದ್ದು ಒಂದೇ, ಕಂಬ ಎಲ್ಲಿ ಅಂತ. ಬಾಗಿಲು ತಾನೇ ನಿಲ್ಲತ್ತೆ ಈಗ ಅಂದೆ. ಹಾಗಾದ್ರೆ ಮಾವನ ಕೈ ಖಾಲಿ ಆಯ್ತಲ್ಲ ಅಂತ ಮಾಂಸದಂಗಡಿಯವನು ಶುರು ಮಾಡ್ದ. ಸಾಲಾಗಿ ತಂದು ಸುರಿದ್ರು. ಸಂಜೆಯೊಳಗೆ ನಾಲ್ಕಾದ್ರೂ ಬೇಕಂತೆ, ಅದಕ್ಕೇ ಓಡಿ ಬಂದೆ.”

ಮಾವ ಒಂದು ಚಾಕು ಎತ್ತಿಕೊಂಡು ಹಿಡಿಯನ್ನು ಹೆಬ್ಬೆರಳಿನಿಂದ ಅಲ್ಲಾಡಿಸಿದರು. ಇನ್ನೊಂದನ್ನು ಎತ್ತಿಕೊಂಡರು. “ಇದು ಆ ಮೂಲೆ ಅಂಗಡಿಯವನದು. ನಾನು ಹೇಳಿರಲಿಲ್ವಾ, ನೀರಲ್ಲಿ ಇಡ್ಬೇಡ ಅಂತ?” ಎಂದರು, ಯಾರಿಗೂ ಅಲ್ಲ. ಆಮೇಲೆ ಒಳಗೆ ಹೋದರು. ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆಯುವ ಸದ್ದು ಮೇಲಿನ ಕೋಣೆಯವರೆಗೆ ಕೇಳಿಸಿತು.

ಅಂದು ಸಂಜೆಯೊಳಗೆ ನಾಲ್ಕಲ್ಲ, ಐದು ಹಿಡಿಗಳಾದವು. ಹಳೆಯ ಕಿಟಕಿಯೊಂದರ ಚೌಕಟ್ಟಿನ ಮರ. ಅಲಗಿನ ಕಡೆ ಸಪೂರ, ಅಂಗೈ ಮುಗಿಯುವಲ್ಲಿ ದಪ್ಪ. ಹಾಗಿದ್ದರೆ ಒದ್ದೆ ಕೈಯಿಂದ ಜಾರುವುದಿಲ್ಲವಂತೆ. ಊಟದ ಹೊತ್ತಿಗೆ ಮಾವನ ಹುಬ್ಬಿನ ಮೇಲೆಲ್ಲ ಮರದ ಹೊಟ್ಟಿತ್ತು. ಅತ್ತೆ ಬಡಿಸುತ್ತ ವ್ಯವಸ್ಥೆ ಹೇಳಿದರು.

“ಬುಧವಾರ, ಶುಕ್ರವಾರ ನನ್ನ ಜೊತೆ ಬನ್ನಿ. ಸ್ಟೂಲ್ ಮೇಲೆ ಕೂತೇ ಮಾಡ್ಬೇಕು, ನಿಲ್ಲೋ ಹಾಗಿಲ್ಲ. ಉಳಿದ ದಿನ ಇಲ್ಲೇ ಅಂಗಳದಲ್ಲಿ.”

“ಉಳಿದ ದಿನ ಯಾಕೆ ಬೇಡ?”

“ಉಳಿದ ದಿನ ನಾನು ಹಾಡ್ಬೇಕು.”

“ನಾನಿದ್ದಾಗ್ಲೂ ಹಾಡು. ಬೇಡ ಅಂದೋರು ಯಾರು?”

“ನೀವಿದ್ರೆ ಮಧ್ಯೆ ಮಾತಾಡ್ತೀರ.” ಅತ್ತೆ ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು. “ಇವತ್ತು ಕಿತ್ತಳೆ ಪೂರ್ತಿ ನಾನೇ ತಿಂದೆ. ಚೆನ್ನಾಗಿತ್ತು.”

ಮಾವ ಅನ್ನ ಕಲಸಿಕೊಂಡರು. “ಶುಕ್ರವಾರ ಎರಡು ತಗೋ,” ಎಂದರು.

ಇದೆಲ್ಲ ಆಗಿ ಹದಿನಾಲ್ಕು ತಿಂಗಳಾಯಿತು. ಸ್ಟೂಲು ಮತ್ತೆ ವ್ಯಾನಿನಲ್ಲಿದೆ, ಅದರ ಪಕ್ಕದಲ್ಲಿ ಮರವನ್ನು ಕಚ್ಚಿ ಹಿಡಿಯುವ ಒಂದು ಸಣ್ಣ ವೈಸು ಕೂತಿದೆ. ಸಾಣೆ ಹಿಡಿಯುವ ಸದ್ದಿನ ನಡುವೆ ಅರ ಉಜ್ಜುವ ಸದ್ದು ಸೇರಿಕೊಂಡಿದೆ, ವಾರಕ್ಕೆ ಎರಡು ದಿನ. ಪ್ರತಿ ತಿಂಗಳ ಮೊದಲನೆಯ ಭಾನುವಾರ ಮಾವ ವ್ಯಾನನ್ನು ಅಂಗಳದ ಅದೇ ಸಿಮೆಂಟು ನೆಲದ ಮೇಲೆ ನಿಲ್ಲಿಸಿ, ಹಿಂಬಾಗಿಲು ತೆರೆದು, ಶಾಕಿನ ಕಡ್ಡಿಗಳನ್ನು ಬಟ್ಟೆಯಿಂದ ಒರೆಸಿ, ಅಳತೆಪಟ್ಟಿ ಬಿಡಿಸುತ್ತಾರೆ.

“ಎಷ್ಟಿದೆ?” ಎನ್ನುತ್ತಾರೆ ಅತ್ತೆ ಅಡುಗೆಮನೆಯ ಕಿಟಕಿಯಿಂದ.

ಮಾವ ಪೆನ್ಸಿಲಿನ ಅಂಕೆ ನೋಡುತ್ತಾರೆ, ಪಟ್ಟಿ ನೋಡುತ್ತಾರೆ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡುತ್ತಾರೆ.

“ಅಷ್ಟೇ ಇದೆ,” ಎನ್ನುತ್ತಾರೆ.